ಬಳೆಗಾರ್ತಿ ಮಕ್ತುಮಬಿ ಹುಡುಕಿದ ಇಟಲಿ ಊಟ

ಗಜೇಂದ್ರಗಡದ ಹೊರಗೆ, ಕುಷ್ಟಗಿ ರಸ್ತೆಯ ಬದಿಗೆ, ಹೊಲಗಳಿದ್ದ ಕಡೆ ಪ್ಲಾಟುಗಳಾಗಿ ಮನೆಗಳು ಏಳತೊಡಗಿದಾಗ ಅಲ್ಲಿಗೆ ಎಲ್ಲರಿಗಿಂತ ಮೊದಲು ವ್ಯಾಪಾರಕ್ಕೆ ಹೋದವಳು ಮಕ್ತುಮಬಿ. ಕಿರಾಣಿ ಅಂಗಡಿ ಇನ್ನೂ ಬಂದಿರಲಿಲ್ಲ, ಹಾಲಿನವನಿಗೆ ದಾರಿ ಗೊತ್ತಿರಲಿಲ್ಲ, ನಳಕ್ಕೆ ನೀರು ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಮಕ್ತುಮಬಿ ಮಾತ್ರ ಬಳೆಯ ಪೆಟ್ಟಿಗೆ ಹೊತ್ತು, ಜಲ್ಲಿ ರಾಶಿ ದಾಟಿಕೊಂಡು, ಯಾವ ಮನೆಯೊಳಗೆ ಹೆಂಗಸರ ದನಿ ಕೇಳಿಸುತ್ತದೋ ಅದರ ಮುಂದೆ ನಿಂತು "ಬಳೀ..." ಎಂದು ರಾಗ ಎಳೆಯುತ್ತಿದ್ದಳು.

ಅರವತ್ತರ ಹತ್ತಿರದ ಹೆಂಗಸು. ಗಂಡ ಕುತುಬುದ್ದೀನ ಇದ್ದಾಗ ಇಬ್ಬರೂ ಕೂಡಿ ಹಳ್ಳಿ ಹಳ್ಳಿ ತಿರುಗಿ ಬಳೆ ಮಾರುತ್ತಿದ್ದರು. ಅವನು ತೀರಿಕೊಂಡ ಮೇಲೆ ಅವಳು ಹಳ್ಳಿಗಳನ್ನು ಬಿಟ್ಟು ಹೊಸ ಪ್ಲಾಟುಗಳನ್ನು ಹಿಡಿದಳು. ಪೇಟೆಯಲ್ಲೇ ಒಂದು ಅಂಗಡಿ ಹಾಕಿ ಕೂಡಬಾರದೇ ಎಂದು ಕೇಳಿದವರಿಗೆ ಅವಳ ಉತ್ತರ ಒಂದೇ: "ಹಳೀ ಊರಾಗ ಎಲ್ಲಾರ ಮನೀ ಸುದ್ದಿ ನನಗ ಗೊತ್ತೈತಿ. ಗೊತ್ತಿದ್ದದ್ದನ್ನ ಮತ್ತ ಕೇಳೂದ್ರಾಗ ಏನ್ ಮಜಾ ಐತಿ?"

ಹೊಸ ಪ್ಲಾಟುಗಳಲ್ಲಿ ಗೊತ್ತಿಲ್ಲದ್ದು ಬೇಕಾದಷ್ಟಿತ್ತು. ಬ್ಯಾಂಕಿನವರು, ಕಾಲೇಜಿನವರು, ಗುಡ್ಡದ ಮೇಲಿನ ಗಾಳಿಯಂತ್ರದ ಕಂಪನಿಯವರು, ಎಲ್ಲಿಂದಲೋ ವರ್ಗವಾಗಿ ಬಂದವರು. ಅವರ ಮಾತು ಬೇರೆ, ಅಡಿಗೆ ಬೇರೆ. ಬಳೆ ತೊಡಿಸುವಾಗ ಕೈ ಅರ್ಧ ಗಳಿಗೆಯಾದರೂ ಇವಳ ಕೈಯಲ್ಲಿರುತ್ತದಲ್ಲ, ಅಷ್ಟರಲ್ಲಿ ಆಕೆ ಎಲ್ಲವನ್ನೂ ಕೇಳಿ ಮುಗಿಸುತ್ತಿದ್ದಳು. ಆ ಕೈ ಬಸುರಿಯದಾಗಿದ್ದರೆ ಒಂದು ಪ್ರಶ್ನೆ ತಪ್ಪದೇ ಬರುತ್ತಿತ್ತು: "ಬಾಯಿಗೆ ಏನ್ ಬೇಕನಸ್ತೈತಿ ಹೇಳವಾ."

ಅದು ಬರೀ ಮಾತಲ್ಲ. ಏನು ಹೇಳಿದರೂ ಮುಂದಿನ ಸಲ ಬರುವಾಗ ತಂದುಕೊಡುತ್ತಿದ್ದಳು. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂದು ಅವಳ ಅತ್ತೆ ಹೇಳಿದ್ದಳು; ಸುಳ್ಳೋ ಖರೆಯೋ, ಪರೀಕ್ಷೆ ಮಾಡಿ ನೋಡುವ ಧೈರ್ಯ ಅವಳಿಗಿರಲಿಲ್ಲ. ಹುಣಸೆಕಾಯಿ, ಮಾವಿನ ಮಿಡಿ, ಬಿಸಿ ಮಿರ್ಚಿ, ಗೋಡೆಯ ಮಣ್ಣಿನ ಹೆಂಟೆ, ಎಲ್ಲ ಹೊತ್ತಿದ್ದಳು. ಮೀನು ಅಂದರೆ ಮೂಗು ಮುಚ್ಚಿಕೊಳ್ಳುವ ಮನೆತನದ ಸೊಸೆಯೊಬ್ಬಳು ಕಣ್ಣಲ್ಲಿ ನೀರು ತಂದುಕೊಂಡು ಮೀನೇ ಬೇಕು ಅಂದಾಗ, ಹೊಳೆಆಲೂರಿಗೆ ಹೋಗಿ ಮಲಪ್ರಭೆಯ ಮೀನು ತಂದು, ತನ್ನ ಮನೆಯಲ್ಲೇ ಹುರಿದು, ಬಳೆಪೆಟ್ಟಿಗೆಯ ತಳದಲ್ಲಿಟ್ಟು ಮುಟ್ಟಿಸಿದ್ದಳು. ಅದು ಯಾವ ಊರು, ಯಾವ ಮನೆ ಎಂದು ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಇಂಥ ಮಕ್ತುಮಬಿಗೆ ಹೋದ ವರ್ಷ ಶ್ವೇತಾ ಸಿಕ್ಕಳು.

ಶ್ವೇತಾ ಮೈಸೂರಿನ ಹುಡುಗಿ, ಬಸುರಿ. ಗಂಡ ಸಂಗನಬಸವ ಗಾಳಿಯಂತ್ರದ ಕಂಪನಿಯಲ್ಲಿ ಇಂಜಿನಿಯರ್, ದಿನವಿಡೀ ಗುಡ್ಡದ ಮೇಲೆ. ಪ್ಲಾಟಿನ ಕೊನೆಯ ಸಾಲಿನ ಮನೆ. ಅದರಾಚೆ ಬರೀ ಕಡಲೆ ಹೊಲ. ಮಾತಿಗೆ ಜನ ಸಿಕ್ಕರೆ ಸಾಕು ಎನ್ನುವ ಹಾಗಿದ್ದಳು. ಬಳೆ ತೊಡಿಸುತ್ತ ಮಕ್ತುಮಬಿ ತನ್ನ ಪ್ರಶ್ನೆ ಕೇಳಿದಳು. ಶ್ವೇತಾ ನಕ್ಕಳು.

"ಹೇಳಿದ್ರೆ ನೀವು ನಗ್ತೀರ."

"ಮಣ್ಣ ತಿಂದಾರ್ನ ನೋಡೇನಿ, ನಗೂದಿಲ್ಲ. ಹೇಳು."

"ನನಗೆ ಒಳ್ಳೆ ಇಟಾಲಿಯನ್ ಊಟ ಬೇಕು ಅನಿಸ್ತಿದೆ. ಇಲ್ಲಿ ಎಲ್ಲಾದ್ರೂ ಒಳ್ಳೆ ಇಟಾಲಿಯನ್ ಹೋಟೆಲ್ ಇದ್ಯಾ?"

ಮಕ್ತುಮಬಿಯ ಕೈ ನಿಂತಿತು. ಇಟಲಿ ಅನ್ನುವ ದೇಶದ ಹೆಸರು ಕೇಳಿದ್ದಳು. ಆದರೆ ಅಲ್ಲಿಯವರೂ ದಿನಾ ಏನನ್ನಾದರೂ ತಿನ್ನಬೇಕಲ್ಲ ಎಂಬ ಯೋಚನೆ ಅವಳಿಗೆ ಅವತ್ತಿನವರೆಗೆ ಬಂದಿರಲೇ ಇಲ್ಲ.

"ಅಲ್ಲೀ ಮಂದಿ ಏನ್ ತಿಂತಾರ?" ಎಂದಳು. ಅವಳ ದನಿಯಲ್ಲಿ ಬೇಸರವಿರಲಿಲ್ಲ. ಬಳೆ ತೊಡಿಸುವುದನ್ನು ಬಿಟ್ಟು, ಚಕ್ಕಳಮಕ್ಕಳ ಹಾಕಿಕೊಂಡು ಕೂತೇಬಿಟ್ಟಳು.

ಶ್ವೇತಾ ಪಾಸ್ತಾ ಅಂದಳು, ಪಿಜ್ಜಾ ಅಂದಳು. ಆ ಎರಡು ಮಾತು ಮಕ್ತುಮಬಿಗೆ ಗೊತ್ತಿದ್ದವೇ. ಪ್ಲಾಟಿನ ಬಾಯಿಗೇ ಹೊಸದಾಗಿ ಒಂದು ಹೋಟೆಲು ಆಗಿತ್ತು. ದೊಡ್ಡ ಫಲಕದ ಮೇಲೆ ಪಂಜಾಬಿ, ಚೈನೀಸ್, ಇಟಾಲಿಯನ್ ಎಂದು ಬಣ್ಣಬಣ್ಣದ ಅಕ್ಷರ. "ಅಯ್ಯ, ಇಷ್ಟ ಏನು? ನಾಳಿಗೇ ತರ್ತೇನಿ" ಎಂದು ಎದ್ದಳು.

ಆ ಹೋಟೆಲು ಕೊಟ್ರೇಶನದು. ಮೊದಲು ಮೊಬೈಲ್ ಅಂಗಡಿ ಇಟ್ಟಿದ್ದವನು, ಊರು ಈ ಕಡೆ ಬೆಳೆಯುತ್ತದೆಂದು ಲೆಕ್ಕ ಹಾಕಿ ಹೋಟೆಲಿಗೆ ಇಳಿದಿದ್ದ. ಮಕ್ತುಮಬಿ ಕುರ್ಚಿಯಲ್ಲಿ ಕೂಡದೆ ನೆಟ್ಟಗೆ ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತಳು.

"ತಮ್ಮಾ, ಪಾಸ್ತಾ ಮಾಡೂದನ್ನ ನಾ ನೋಡ್ಬೇಕು."

"ಯಾಕಬೇ, ನೀನೂ ಹೋಟೆಲ್ ಹಾಕಾಕ ಹೊಂಟಿಯೇನ?"

"ಬಸರಿ ಹೆಣ್ಣಮಗಳಿಗೆ ಒಯ್ಯೂದೈತಿ. ಏನ್ ಹಾಕ್ತೀ ಅಂತ ಗೊತ್ತಾಗ್ಬೇಕಲ್ಲ."

ಅವನು ನೋಡಗೊಟ್ಟ. ಕೊಳವೆಯಂಥ ತುಂಡುಗಳನ್ನು ಕುದಿಸಿ, ಉಳ್ಳಾಗಡ್ಡಿ, ಡೊಣಮೆಣಸಿನಕಾಯಿ, ಕೆಂಪು ಸಾಸು, ಗರಂ ಮಸಾಲೆ ಹಾಕಿ, ಮೇಲೆ ಚೀಸು ತುರಿದ. ಕಮ್ಮಗೆ ವಾಸನೆ ಬಂತು. ಶ್ವೇತಾ ಅದನ್ನು ಅರ್ಧ ತಿಂದು, ತಟ್ಟೆ ಕೆಳಗಿಟ್ಟಳು. "ಚೆನ್ನಾಗಿದೆ ಆಂಟಿ. ಸುಳ್ಳು ಹೇಳ್ತಿಲ್ಲ. ಆದ್ರೆ ಇದು ಅದಲ್ಲ."

"ಹಂಗಾದ್ರ ಅದು ಹ್ಯಾಂಗಿರತೈತಿ?"

ಆಗ ಶ್ವೇತಾ ಸಾವಕಾಶ ಹೇಳಿದಳು. ಮೈಸೂರಿನ ಗೋಕುಲಂನಲ್ಲಿ ಯೋಗ ಕಲಿಯಲು ಪರದೇಶದವರು ಬಂದು ಇರುತ್ತಾರೆ. ಅವರಲ್ಲಿ ಒಬ್ಬ ಇಟಲಿಯ ಹೆಂಗಸು, ತಾನಿದ್ದ ಮನೆಯ ಮಹಡಿಯ ಮೇಲೆ, ನಾಲ್ಕಾರು ಮೇಜು ಹಾಕಿ ಅಡಿಗೆ ಮಾಡಿ ಬಡಿಸುತ್ತಿದ್ದಳು. ಶ್ವೇತಾ ಕಾಲೇಜಿಗೆ ಹೋಗುವಾಗ ಗೆಳತಿಯರ ಜೊತೆ ಹೋಗುತ್ತಿದ್ದಳು. "ಮಸಾಲೆ ಇಲ್ಲ, ಖಾರ ಇಲ್ಲ. ಹಿಟ್ಟು ಅವಳೇ ನಾದಿ ಕತ್ತರಿಸ್ತಿದ್ಲು. ಟೊಮ್ಯಾಟೊ, ಬೆಳ್ಳುಳ್ಳಿ, ಎಣ್ಣೆ ಅಷ್ಟೆ. ಕೊನೇಲಿ ಒಂದು ಹಸಿ ಎಲೆ ಹರಿದು ಮೇಲೆ ಹಾಕ್ತಿದ್ಲು. ಆ ವಾಸನೆ..." ಎಂದು ಮೂಗಿನ ಹತ್ತಿರ ಬೆರಳು ತಂದು ನಿಂತುಬಿಟ್ಟಳು. ಆ ವಾಸನೆ ಹೇಗಿರುತ್ತದೆ ಎಂದು ಹೇಳಲು ಅವಳಿಗೆ ಆಗಲಿಲ್ಲ. ಎಲೆಯ ಹೆಸರು ಬೇಸಿಲ್ ಅಂದಳು.

ಮಕ್ತುಮಬಿ ಅದನ್ನು ಬಾಯಿಪಾಠ ಮಾಡಿಕೊಂಡಳು: ಬೇಸಿಲ, ಬೇಸಿಲ.

ಆ ದಿನದಿಂದ ಅವಳಿಗೆ ಒಂದು ಹುಚ್ಚು ಹತ್ತಿತು. ಎಲ್ಲೇ ಹೋಗಲಿ, ಊರ ಹೊರಗಿನ ಹೊಸ ಫಲಕಗಳನ್ನು ಅಕ್ಷರ ಕೂಡಿಸಿ ಕೂಡಿಸಿ ಓದುವಳು. ಮೂರನೇ ಇಯತ್ತೆಗೆ ಬಿಟ್ಟ ಓದು ಅದು. ಇಟಾಲಿಯನ್ ಎಂಬ ಶಬ್ದವನ್ನು ಮಾತ್ರ ಈಗ ಬಸ್ಸಿನ ಕಿಟಕಿಯಿಂದಲೂ ಗುರುತಿಸುತ್ತಿದ್ದಳು. ಆ ಶಬ್ದ ಎಷ್ಟು ಕಡೆ ಇತ್ತೆಂದು ಅವಳಿಗೇ ಆಶ್ಚರ್ಯ. ರೋಣದ ಹೊರಗಿನ ಬೇಕರಿಯ ಗಾಜಿನ ಮೇಲೆ, ಪೆಟ್ರೋಲ್ ಬಂಕಿನ ಬಗಲಿನ ತಳ್ಳುಗಾಡಿಯ ಮೇಲೆ, ಒಂದು ಮದುವೆ ಮಂಟಪದ ಊಟದ ಪಟ್ಟಿಯಲ್ಲಿ ಕೂಡ. ಹತ್ತಿ ಬೆಳೆಯುತ್ತಿದ್ದ ಕಡೆ ಮನೆ ಬಂದಂತೆ, ಮನೆ ಬಂದ ಕಡೆ ಈ ಶಬ್ದ ಬರುತ್ತಿತ್ತು. ಎಲ್ಲ ಕಡೆ ಅವಳು ಇಳಿದು ವಿಚಾರಿಸಿದಳು. ಎಲ್ಲ ಕಡೆ ಅದೇ ಕೆಂಪು ಸಾಸು, ಅದೇ ಚೀಸು.

ಅವಳ ಜೊತೆಗೆ ಸಿಕ್ಕಿಬಿದ್ದವನು ತಮ್ಮ ಸಲಾವುದ್ದೀನ. ಗಜೇಂದ್ರಗಡ ಬಸ್‌ಸ್ಟ್ಯಾಂಡಿನಲ್ಲಿ ಟಂಟಂ ಆಟೋ ಓಡಿಸುವವನು. ಅಕ್ಕ-ತಮ್ಮ ಮನೆಯೊಳಗೆ ಆಡುವುದು ಉರ್ದು. ಜಗಳಕ್ಕೆ ನಿಂತರೆ ಮಾತ್ರ ಇಬ್ಬರಿಗೂ ಕನ್ನಡ ಬರುತ್ತಿತ್ತು. ಅವನಿಗೆ ಒಂದು ಬಾಡಿಗೆ ನರಗುಂದಕ್ಕೆ ಬಂದಾಗ ಇವಳೂ ಹತ್ತಿ ಕೂತಳು, ಬಳೆ ಸರಕು ನೋಡಬೇಕೆಂದು ನೆವ ಹೇಳಿ. ನರಗುಂದದ ಹೊರಗೆ, ಹುಬ್ಬಳ್ಳಿ ಹೆದ್ದಾರಿಗೆ ಮುಖ ಮಾಡಿ, ಹಸಿರು ಬಿಳಿ ಕೆಂಪು ಪಟ್ಟೆ ಬಳಿದ ದೊಡ್ಡ ಹೋಟೆಲು. ಬಾಗಿಲು ತಳ್ಳಿದರೆ ಒಳಗೆ ತಣ್ಣಗೆ ಹವೆ. ಸಲಾವುದ್ದೀನ ಚಪ್ಪಲಿ ಎಲ್ಲಿ ಬಿಡಬೇಕೆಂದು ಅತ್ತ ಇತ್ತ ನೋಡಿದ.

"ಖರೇ ಇಟಲಿ ಊಟ ಕೊಡಪಾ" ಎಂದು ಮಕ್ತುಮಬಿ ಮಾಣಿಗೆ ಹೇಳಿದಳು.

ಬಿಳೀ ಸಾಸಿನಲ್ಲಿ ಮುಳುಗಿದ ಪಾಸ್ತಾ ಬಂತು. ಸಲಾವುದ್ದೀನ ಒಂದು ಚಮಚ ಬಾಯಿಗಿಟ್ಟು ಬಹಳ ಹೊತ್ತು ನುಂಗಲಿಲ್ಲ. ಆಮೇಲೆ ಮಾಣಿಗೂ ಕೇಳಿಸುವಂತೆ ಅಂದ: "ಹಾಲಿನ್ಯಾಗ ಶಾವಗಿ ಹಾಕಿ ಸಕ್ರಿ ಮರತಂಗ ಆಗೇತಿ."

ಮಕ್ತುಮಬಿ ಮಾಣಿಯನ್ನು ಕರೆದಳು. ಇದರಲ್ಲಿ ಬೇಸಿಲ ಎಲೆ ಎಲ್ಲಿದೆ, ಹಿಟ್ಟು ಯಾರು ನಾದಿದರು, ಬೆಳ್ಳುಳ್ಳಿ ಯಾವಾಗ ಹಾಕಿದಿರಿ ಎಂದು ಒಂದರ ಹಿಂದೆ ಒಂದು ಕೇಳಿದಳು. ಅವನು ಗಾಬರಿಯಾಗಿ ಒಳಗೆ ಹೋಗಿ ಮ್ಯಾನೇಜರನನ್ನು ಕರೆತಂದ. ಮ್ಯಾನೇಜರ್ ಬಹಳ ಮರ್ಯಾದೆಯಿಂದ, "ನೀವು ಆಹಾರ ಇಲಾಖೆಯವರೇನ್ರಿ?" ಎಂದು ಕೇಳಿದ.

"ಅಲ್ಲಪಾ, ಬಳಿಗಾರಾಕಿ."

ಅವನಿಗೆ ನಗು ತಡೆಯಲಾಗಲಿಲ್ಲ. ಪಕ್ಕದಲ್ಲೇ ಕೂತು ಇದ್ದದ್ದು ಇದ್ದ ಹಾಗೆ ಹೇಳಿದ. ಸಾಸು ಪಾಕೀಟಿನಲ್ಲಿ ಬರುತ್ತದೆ, ಕತ್ತರಿಸಿ ಬಿಸಿ ಮಾಡುತ್ತಾರೆ. ಜನ ಬರುವುದು ತಣ್ಣನೆಯ ಹವೆಗೆ ಮತ್ತು ಫೋಟೋಕ್ಕೆ. "ಇಷ್ಟ ವರ್ಷದಾಗ ಈ ಊಟಾ ಹ್ಯಾಂಗ ಮಾಡ್ತೀರಿ ಅಂತ ಕೇಳಿದಾಕಿ ನೀನ ಮೊದಲನೇದಾಕಿ ನೋಡಬೇ" ಎಂದು ಚಹಾ ತರಿಸಿಕೊಟ್ಟ.

ತಿರುಗಿ ಬರುವಾಗ ಸಲಾವುದ್ದೀನ ಕನ್ನಡಕ್ಕೆ ಇಳಿದ. "ಆ ಹುಡಿಗಿ ಏನೋ ಮಾತಿಗೆ ಅಂತು. ನೀ ಅದನ್ನ ಹಿಡಕೊಂಡು ಮೂರು ತಾಲೂಕು ತಿರಗಾಕತ್ತಿ. ನಿನಗ ಬುದ್ಧಿ ಐತೇನು?"

ಮಕ್ತುಮಬಿ ರಸ್ತೆ ಬದಿಯ ಫಲಕಗಳನ್ನು ಓದುತ್ತ ಕೂತಳು. ಅವನ ಮಾತು ಅರ್ಧ ಖರೆ ಎಂದು ಅವಳಿಗೆ ಗೊತ್ತಿತ್ತು. ಹಿಂದಿನ ವಾರವೇ ಶ್ವೇತಾ, "ಬಿಡಿ ಆಂಟಿ, ನಿಮಗೆ ಯಾಕೆ ತೊಂದ್ರೆ. ನನಗೂ ಆ ಆಸೆ ಸ್ವಲ್ಪ ಕಡಿಮೆ ಆಗಿದೆ" ಅಂದಿದ್ದಳು. ಹಾಗಿದ್ದರೂ ಬಿಡಲು ಮನಸ್ಸಾಗುತ್ತಿರಲಿಲ್ಲ. ಮಸಾಲೆಯಿಲ್ಲದೆ, ಖಾರವಿಲ್ಲದೆ, ಒಂದು ಎಲೆಯ ವಾಸನೆಯ ಮೇಲೆ ನಿಂತ ಊಟ. ಅದನ್ನು ನೆನೆದು ಊರು ಬಿಟ್ಟು ಇಷ್ಟು ದೂರ ಬಂದ ಹುಡುಗಿಯ ಬಾಯಲ್ಲಿ ನೀರು ಬರುತ್ತದೆ ಅಂದರೆ ಅದು ಹೇಗಿರಬಹುದು? ಈಗ ಅದು ಅವಳಿಗೇ ಗೊತ್ತಾಗಬೇಕಿತ್ತು.

ರೋಣದಲ್ಲಿ ಅದು ಸಿಕ್ಕ ರೀತಿ ನೋಡಿ. ಅವತ್ತು ಅವಳು ಇಟಲಿಯನ್ನು ಹುಡುಕಲು ಹೋಗಿರಲೇ ಇಲ್ಲ. ಊರ ಹೊರಗಿನ ಹೊಸ ಬಡಾವಣೆಯಲ್ಲಿ ಬಸುರಿಯೊಬ್ಬಳ ಕುಬಸದ ಕಾರ್ಯಕ್ಕೆ ಹಸಿರು ಬಳೆ ತೊಡಿಸಲು ಕರೆದಿದ್ದರು. ಕೆಲಸ ಮುಗಿಸಿ ಬಸ್ಸಿಗೆ ಕಾಯುತ್ತ, ಒಂದು ಗೋಬಿ ಮಂಚೂರಿ ಅಂಗಡಿಯ ನೆರಳಿಗೆ ಕೂತಳು. ಮಧ್ಯಾಹ್ನ ಇಳಿಹೊತ್ತು, ಗಿರಾಕಿಯಿಲ್ಲ. ಅಂಗಡಿಯವನು ಹಿಂದುಗಡೆ ಸ್ಟೂಲಿನ ಮೇಲೆ ಕೂತು ತನ್ನ ಊಟ ಮಾಡುತ್ತಿದ್ದ. ಬೇರೆಯವರ ತಟ್ಟೆಯಲ್ಲಿ ಏನಿದೆ ಎಂದು ನೋಡದೆ ಇರುವುದು ಮಕ್ತುಮಬಿಗೆ ಹುಟ್ಟಾ ಬಂದದ್ದಲ್ಲ. ನೋಡಿದಳು. ಅಗಲವಾಗಿ ಪಟ್ಟಿಯಂತೆ ಕತ್ತರಿಸಿದ ಹಿಟ್ಟಿನ ಎಳೆಗಳು. ಮೇಲೆ ಎಣ್ಣೆಯ ಹೊಳಪು, ಹುರಿದ ಬೆಳ್ಳುಳ್ಳಿ, ಹರಿದ ಒಣ ಮೆಣಸಿನಕಾಯಿ. ಅಷ್ಟೆ.

ಅವಳು ಎದ್ದು ಹತ್ತಿರ ಹೋದಳು. "ಇದೇನು ತಮ್ಮಾ ನೀ ಉಣ್ಣೂದು?"

"ಏನಿಲ್ಲಬೇ, ನಂದೊಂದ ಊಟ. ನಿನಗ ಗೋಬಿ ಬೇಕೇನು?"

"ಗೋಬಿ ಬ್ಯಾಡ. ಇದು ಇಟಲೀದೇನು?"

ಅವನು ತುತ್ತು ಕೈಯಲ್ಲೇ ಹಿಡಿದು ಅವಳ ಮುಖ ನೋಡಿದ.

ಅವನ ಹೆಸರು ಭೀಮೇಶ. ಹತ್ತಿರದ ಸವಡಿ ಊರಿನವನು. ಈ ಭಾಗದ ಎಷ್ಟೋ ಜನರಂತೆ ಗೋವಾಕ್ಕೆ ದುಡಿಯಲು ಹೋಗಿ, ಮೊದಲು ಕಟ್ಟಡದ ಕೆಲಸ, ಆಮೇಲೆ ಸಮುದ್ರದ ಬದಿಯ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುವುದು, ಆಮೇಲೆ ಹಿಟ್ಟು ನಾದುವುದು, ಹೀಗೆ ಮೇಲೇರಿದವನು. ಹೋಟೆಲಿನ ಯಜಮಾನ ಇಟಲಿಯ ಮುದುಕ. ಬಾಯಿ ಬಹಳ ಕೆಟ್ಟದ್ದು, ಕೈ ಬಹಳ ಚಲೋದು ಎಂದ ಭೀಮೇಶ. ಆ ಮುದುಕ ಹೋಟೆಲು ಮುಚ್ಚಿ ತನ್ನ ದೇಶಕ್ಕೆ ಹೋದಾಗ ಇವನೂ ಊರಿಗೆ ಬಂದ. ರೋಣ ಬೆಳೆಯುವ ಕಡೆ ನೋಡಿ ಅಂಗಡಿ ಹಾಕಿದ. ಮೊದಮೊದಲು ಕಲಿತದ್ದನ್ನೇ ಮಾಡಿ ಇಟ್ಟ. ಜನ ಒಂದು ತುತ್ತು ತಿಂದು, ಸಾಸು ಎಲ್ಲಿ, ಚೀಸು ಎಲ್ಲಿ, ಇದೇನು ಉಪವಾಸದ ಊಟವೇ ಎಂದು ಕೇಳಿದರು. ಫಲಕ ತೆಗೆದು ಗೋಬಿಗೆ ಇಳಿದ.

"ನಾ ಇಟಾಲಿಯನ್ ಅಂತ ಬರದದ್ದ ಕಡೆ ಎಲ್ಲಾ ಹೊಕ್ಕ ಬಂದೆ" ಎಂದಳು ಮಕ್ತುಮಬಿ. "ನೀ ಒಬ್ಬಾಂವ ಬರಿಯದಾಂವ ಉಳದಿದ್ದಿ."

ಅವನು ತಟ್ಟೆಯಲ್ಲಿ ಸ್ವಲ್ಪ ಹಾಕಿಕೊಟ್ಟ. ಎಳೆ ಮುರಿಯಲಿಲ್ಲ, ಮೆತ್ತಗೂ ಆಗಿರಲಿಲ್ಲ, ಹಲ್ಲಿಗೆ ಸಿಗುತ್ತಿತ್ತು. ಹಿಟ್ಟು ಯಾವುದೆಂದು ಕೇಳಿದಳು. ನಮ್ಮ ಹೊಲದ ಜವಾರಿ ಗೋದಿ, ಅಂದ. ಅವಳು ಶ್ವೇತಾಳ ಮಾತು ಹೇಳಿ, ಟೊಮ್ಯಾಟೊ ಹಾಕಿ, ಬೇಸಿಲ ಎಲೆ ಹಾಕಿ ಮಾಡುತ್ತೀಯಾ ಎಂದಾಗ ಭೀಮೇಶ ತಲೆ ಅಲ್ಲಾಡಿಸಿದ.

"ಟೊಮ್ಯಾಟೊ ಐತಿ, ಎಲ್ಲಾ ಐತಿ. ಆ ಎಲಿ ಇಲ್ಲಿ ಸಿಗೂದಿಲ್ಲಬೇ. ಅದಿಲ್ದ ಅದನ್ನ ಮಾಡಿದ್ರ ಮುದಕಪ್ಪ ಅಲ್ಲಿಂದ ಬಂದು ಬೈತಾನ." ಒಳಗೆ ಹೋಗಿ ಒಂದು ಸಣ್ಣ ಬಾಟಲಿ ತಂದ. ಗೋವಾದಿಂದ ಬರುವಾಗ ಒಣಗಿಸಿ ತಂದ ಎಲೆಯ ಪುಡಿ, ತಳದಲ್ಲಿ ಚಿಟಿಕೆಯಷ್ಟು ಉಳಿದಿತ್ತು. "ಇದಕ್ಕ ಈಗ ಜೀವ ಇಲ್ಲ. ಆದ್ರೂ ಮೂಸಿ ನೋಡು."

ಮಕ್ತುಮಬಿ ಮೂಸಿದಳು. ಇನ್ನೊಮ್ಮೆ ಮೂಸಿದಳು. ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಮೂಸಿದಳು. ಗಂಡ ಕುತುಬುದ್ದೀನನ ಗೋರಿ ಕಣ್ಣ ಮುಂದೆ ಬಂತು.

ಅದು ಸಬ್ಜಾ. ಗುರುವಾರ ದರ್ಗಾದ ಮುಂದೆ ಗುಲಾಬಿಯ ಜೊತೆ ಕಟ್ಟು ಕಟ್ಟಿ ಮಾರುವ ಹಸಿರು ಸೊಪ್ಪು. ಗೋರಿಯ ಮೇಲೆ ಹೂವಿನೊಂದಿಗೆ ಹಾಸುವುದು ಅದನ್ನೇ. ಅದರ ಬೀಜವನ್ನು ರಮಜಾನಿನಲ್ಲಿ ಶರಬತ್ತಿಗೆ ಹಾಕುತ್ತಾರೆ. ಎಲೆಯನ್ನು ಮಾತ್ರ ಅವಳ ಮನೆತನದಲ್ಲಿ ಯಾರೂ ಅಡಿಗೆಗೆ ಹಾಕಿದ್ದಿಲ್ಲ. ಅವಳಿಗೆ ಆ ವಾಸನೆ ಅಂದರೆ ಸ್ಮಶಾನದ ಹಾದಿಯೇ. ಭೀಮೇಶನಿಗೆ ಏನೂ ಹೇಳದೆ, "ಎಲಿ ನಾ ತಂದ್ರ ಮಾಡ್ತಿಯೇನು?" ಎಂದಷ್ಟೇ ಕೇಳಿ ಬಸ್ಸು ಹತ್ತಿದಳು. ದಾರಿಯಲ್ಲಿ ಸೂಡಿ ಊರು ದಾಟಿದರೂ ಅವಳ ಮನಸ್ಸು ಒಂದು ನಿಲುವಿಗೆ ಬರಲಿಲ್ಲ. ಇಷ್ಟು ದಿನ ಹುಡುಕಿದ್ದು ತಾನು ಪ್ರತಿ ಗುರುವಾರ ಕೈಯಲ್ಲಿ ಹಿಡಿಯುತ್ತಿದ್ದದ್ದೇ ಎಂಬ ಬೆರಗು ಒಂದು ಕಡೆ. ಹೊಟ್ಟೆಯಲ್ಲಿ ಕೂಸಿಟ್ಟುಕೊಂಡವಳಿಗೆ ಗೋರಿಯ ಸೊಪ್ಪು ತಿನ್ನಿಸುವುದು ಹೇಗೆ ಎಂಬ ಅಳುಕು ಇನ್ನೊಂದು ಕಡೆ.

ಸಲಾವುದ್ದೀನನಿಗೆ ಹೇಳಿದರೆ ಅವನು ಉರ್ದುವಿನಲ್ಲಿ ಒಂದು ಮಾತನ್ನೂ ಆಡಲಿಲ್ಲ. "ಸತ್ತವರ ಮ್ಯಾಲ ಹಾಕೂದನ್ನ ಹುಟ್ಟೂ ಕೂಸಿಗೆ ಕೊಡ್ತಿಯೇನು? ನಾಳಿ ಏನರೆ ಹೆಚ್ಚು ಕಡಿಮಿ ಆದ್ರ ಅವರ ಮಂದಿ ನಿನ್ನ ಸುಮ್ಮನ ಬಿಡ್ತಾರೇನು?"

"ಎಲಿಗೇನ್ ಗೊತ್ತೈತೋ ತಾನು ಎಲ್ಲಿ ಹೊಂಟೇನಿ ಅಂತ?" ಎಂದಳು. ಹಾಗೆ ಅಂದರೂ ಅಳುಕು ಹೋಗಲಿಲ್ಲ. ಕೊನೆಗೆ ಅವಳು ಮಾಡಿದ್ದು ಇಷ್ಟು: ಗುರುವಾರ ದರ್ಗಾದ ಮುಂದೆ ಎರಡು ಕಟ್ಟು ಸಬ್ಜಾ ಕೊಂಡಳು. ಒಂದನ್ನು ಗಂಡನ ಗೋರಿಗೆ ಹಾಕಿದಳು. ಇನ್ನೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ನೆಟ್ಟಗೆ ಶ್ವೇತಾಳ ಮನೆಗೆ ಹೋಗಿ, ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದಳು. ಎಲ್ಲಿ ಹಾಕುತ್ತಾರೆ, ಏಕೆ ಹಾಕುತ್ತಾರೆ, ತನಗೆ ಅದನ್ನು ಮೂಸಿದರೆ ಏನು ನೆನಪಾಗುತ್ತದೆ, ಎಲ್ಲ. "ಬ್ಯಾಡ ಅಂದ್ರ ಬ್ಯಾಡ ಅನ್ನು. ನನಗೇನೂ ಸಿಟ್ಟಿಲ್ಲ."

ಶ್ವೇತಾ ಬಟ್ಟೆ ಬಿಚ್ಚಿ ಸೊಪ್ಪನ್ನು ಮುಖಕ್ಕೆ ಹಿಡಿದಳು. ಕಣ್ಣು ಮುಚ್ಚಿದಳು. ಆಮೇಲೆ ನಗತೊಡಗಿದಳು.

"ಆಂಟಿ, ಇದು ಕಾಮಕಸ್ತೂರಿ! ನಮ್ಮಜ್ಜಿ ಇದನ್ನ ಮಲ್ಲಿಗೆ ಜೊತೆ ಕಟ್ಟಿ ಮುಡ್ಕೋತಿದ್ರು. ನನ್ನ ಜಡೆಗೂ ಮುಡಿಸ್ತಿದ್ರು. ಆ ಮಹಡಿ ಮೇಲೆ ಊಟ ಮಾಡೋವಾಗ ಯಾವುದೋ ಗೊತ್ತಿರೋ ವಾಸನೆ ಅನ್ಸೋದು, ಯಾವುದು ಅಂತ ಹೊಳೀತಾನೇ ಇರ್ಲಿಲ್ಲ."

"ತಲ್ಯಾಗ ಮುಡೀತಾರ?" ಮಕ್ತುಮಬಿ ಬೆರಗಾಗಿ ಕೇಳಿದಳು. "ಯಾರೂ ಏನೂ ಅನ್ನೂದಿಲ್ಲ?"

"ಏನಂತಾರೆ? ದೇವರಿಗೂ ಹಾಕ್ತಾರೆ."

ಇಬ್ಬರೂ ಆ ಸೊಪ್ಪನ್ನು ಮಧ್ಯೆ ಇಟ್ಟುಕೊಂಡು ಸ್ವಲ್ಪ ಹೊತ್ತು ನೋಡುತ್ತ ಕೂತರು. ಶ್ವೇತಾ ಒಂದು ಕುಡಿ ಕಿತ್ತು ತನ್ನ ಜಡೆಗೆ ಸಿಕ್ಕಿಸಿಕೊಂಡಳು; ಇನ್ನೊಂದು ಕುಡಿಯನ್ನು ಮಕ್ತುಮಬಿಯ ಮುಡಿಗೆ ಸಿಕ್ಕಿಸಲು ಹೋದಾಗ ಅವಳು ಬೇಡ ಎಂದು ಕೈ ಹಿಡಿದಳು. ಶ್ವೇತಾ ಒತ್ತಾಯ ಮಾಡಲಿಲ್ಲ. ತನ್ನ ಡಾಕ್ಟರಮ್ಮನಿಗೆ ಫೋನು ಮಾಡಿ ಕೇಳಿದಳು; ಅಡಿಗೆಗೆ ಹಾಕುವಷ್ಟು ಎಲೆ ತಿಂದರೆ ಏನೂ ಆಗುವುದಿಲ್ಲ ಎಂದು ಆಕೆ ಹೇಳಿದ್ದನ್ನು ಮಕ್ತುಮಬಿಗೂ ಕೇಳಿಸಿದಳು.

ಸಂಗನಬಸವ ಒಂದು ದಿನ ರಜೆ ಹಾಕಿ ಕಾರು ತೆಗೆದ. ಮಕ್ತುಮಬಿ ಮುಂದೆ ಕೂತು ದಾರಿ ತೋರಿಸಿದಳು. ಸಲಾವುದ್ದೀನ ಬರುವುದಿಲ್ಲ ಎಂದು ಹಟ ಹಿಡಿದವನು ಕೊನೆಯ ಗಳಿಗೆಯಲ್ಲಿ ಬಂದು ಹಿಂದೆ ಕೂತ.

ಮೊದಲೇ ಹೇಳಿ ಕಳಿಸಿದ್ದರಿಂದ ಭೀಮೇಶ ಅವತ್ತು ಗೋಬಿಯ ಒಲೆ ಹಚ್ಚಿರಲಿಲ್ಲ. ಹೆಂಡತಿಯ ಹತ್ತಿರ ಬಡಾವಣೆಯವರ ಮನೆಯಿಂದ ಎರವಲು ಮೇಜುಬಟ್ಟೆ ತರಿಸಿದ್ದ. ಎಲೆಯನ್ನು ಕೈಗೆ ಕೊಟ್ಟಾಗ ಅವನು ಒಂದು ಎಲೆ ಹರಿದು, ಬೆರಳು ಮೂಸಿ, ಒಳಗೆ ಹೋದ. ಹಿಟ್ಟು ಲಟ್ಟಿಸಿ ಕತ್ತರಿಸಿದ. ಬೆಳ್ಳುಳ್ಳಿ ಎಣ್ಣೆಗೆ ಬಿತ್ತು. ಊರಿನ ಹುಳಿ ಟೊಮ್ಯಾಟೊವನ್ನು ಕೈಯಲ್ಲೇ ಹಿಸುಕಿ ಹಾಕಿದ. ಮಕ್ತುಮಬಿ ಬಾಗಿಲಲ್ಲೇ ನಿಂತು, ಉಪ್ಪು ಯಾವಾಗ, ನೀರು ಯಾವಾಗ, ಬೆಂಕಿ ಸಣ್ಣದು ಯಾಕೆ ಎಂದು ಕೇಳುತ್ತಲೇ ಇದ್ದಳು. ಎಲೆಯನ್ನು ಅವನು ಬೆಂಕಿಯಿಂದ ಇಳಿಸಿದ ಮೇಲೆ ಹಾಕಿದ. ಬಿಸಿಗೆ ತಾಗಿದ್ದೇ ತಡ, ವಾಸನೆ ರಸ್ತೆಯವರೆಗೂ ಹೋಯಿತು.

ಶ್ವೇತಾ ಮೊದಲ ತುತ್ತು ತಿಂದು ಯೋಚನೆ ಮಾಡಿದಳು. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು, ಭೀಮೇಶ ಎಲ್ಲರಿಗಿಂತ ಹೆಚ್ಚು.

"ಅದೇನಾ?" ಎಂದು ಸಂಗನಬಸವ ಕೇಳಿದ.

"ಅದೇ ಅಂತ ಹೇಳಕ್ಕಾಗಲ್ಲ. ಇದರಲ್ಲಿ ಟೊಮ್ಯಾಟೊ ಜಾಸ್ತಿ ಹುಳಿ. ಎಲೆಗೂ ಇನ್ನೊಂಚೂರು ಘಾಟಿದೆ." ಇನ್ನೊಂದು ತುತ್ತು ತಿಂದಳು. "ಆದ್ರೆ ಇದು ಚೆನ್ನಾಗಿದೆ. ಇದು ಬಹಳ ಚೆನ್ನಾಗಿದೆ." ಆಮೇಲೆ ತಟ್ಟೆ ಬರಿದು ಮಾಡಿ, ಇನ್ನೊಂದು ಕೊಡಿ ಎಂದು ಕೈ ಚಾಚಿದಳು.

ಸಲಾವುದ್ದೀನ ಮೊದಲು ಎಲೆಗಳನ್ನೆಲ್ಲ ಆರಿಸಿ ತಟ್ಟೆಯ ಅಂಚಿಗಿಟ್ಟು ಉಂಡ. ಆಮೇಲೆ ಯಾರೂ ನೋಡುತ್ತಿಲ್ಲ ಎಂದುಕೊಂಡು ಒಂದನ್ನು ಬಾಯಿಗೆ ಹಾಕಿಕೊಂಡ. ಮಕ್ತುಮಬಿ ನೋಡಿದಳು, ನೋಡದ ಹಾಗೆ ತನ್ನ ತಟ್ಟೆಯದನ್ನು ಉಂಡಳು.

ಶ್ವೇತಾ ಹೆರಿಗೆಗೆ ಮೈಸೂರಿಗೆ ಹೋಗುವ ಮುಂಚೆ ಇನ್ನೂ ಕೆಲವು ಸಲ ರೋಣಕ್ಕೆ ಹೋದಳು. ಗಾಳಿಯಂತ್ರದ ಕಂಪನಿಯ ಇನ್ನಿಬ್ಬರು ಹೋದರು. ಅವರು ಹೇಳಿ ಕಾಲೇಜಿನ ಮೇಡಂ ಒಬ್ಬರು. ಜನ ಮುಗಿಬಿದ್ದರು ಅಂತೇನಿಲ್ಲ. ಭೀಮೇಶ ಈಗಲೂ ಗೋಬಿ ಮಾಡುತ್ತಾನೆ, ಹೊಟ್ಟೆ ತುಂಬಿಸುವುದು ಅದೇ. ಆದರೆ ಭಾನುವಾರ ಮಧ್ಯಾಹ್ನ ಮೊದಲೇ ಹೇಳಿದವರಿಗೆ ಹಿಟ್ಟು ನಾದುತ್ತಾನೆ. ಅಂಗಡಿಯ ಹಿಂದೆ ಎಣ್ಣೆಯ ಡಬ್ಬಿಗಳಲ್ಲಿ ಸಬ್ಜಾ ಬೀಜ ಬಿತ್ತಿದ್ದಾನೆ. ಬೀಜ ಕೊಟ್ಟವಳು ಮಕ್ತುಮಬಿ.

ಮೈಸೂರಿನಿಂದ ಫೋನು ಬಂತು, ಹೆಣ್ಣು ಕೂಸು. ಮಕ್ತುಮಬಿ ಮೊದಲು ಕೇಳಿದ್ದು ಕಿವಿ ಹೇಗಿದೆ ಎಂದು. ಚೆನ್ನಾಗಿದೆ ಅಂದಳು ಶ್ವೇತಾ. ಆಮೇಲೆ, "ಆಂಟಿ, ನೀವು ಬಸುರಿ ಆಗಿದ್ದಾಗ ನಿಮಗೆ ಏನು ತಿನ್ನಬೇಕು ಅನ್ನಿಸ್ತಿತ್ತು?" ಎಂದು ಕೇಳಿದಳು. ಮಕ್ತುಮಬಿ, "ನೆನಪಿಲ್ಲವಾ. ಕೇಳಿದಾವ್ರು ಯಾರೂ ಇರಲಿಲ್ಲ, ಅದಕ್ಕ ನೆನಪಿಟ್ಟಿಲ್ಲ ಕಾಣತೈತಿ" ಅಂದಳು. ಬೇಸರದಿಂದ ಹೇಳಿದ್ದಲ್ಲ, ಅವಳಿಗೇ ಅದು ಹೊಸ ವಿಷಯವಾಗಿತ್ತು.

ಅದರ ಮುಂದಿನ ಭಾನುವಾರ ಅವಳು ಪೆಟ್ಟಿಗೆಯನ್ನು ಮನೆಯಲ್ಲೇ ಬಿಟ್ಟು ರೋಣದ ಬಸ್ಸು ಹತ್ತಿದಳು. ಕೈ ಬೀಸಿಕೊಂಡು ಬಡಾವಣೆಯೊಳಗೆ ನಡೆದು, ಭೀಮೇಶನ ಅಂಗಡಿಯಲ್ಲಿ ಮೇಜಿನ ಮುಂದೆ ಕುರ್ಚಿ ಎಳೆದು ಕೂತಳು. ಹೋಟೆಲಿನಲ್ಲಿ ಒಬ್ಬಳೇ ಗಿರಾಕಿಯಾಗಿ ಕೂತದ್ದು ಅವಳ ಜೀವನದಲ್ಲಿ ಅದೇ ಮೊದಲು. ಕೈ ಎಲ್ಲಿಡಬೇಕೆಂದು ತಿಳಿಯದೆ ಮೇಜಿನ ಮೇಲಿಟ್ಟು, ಮತ್ತೆ ಮಡಿಲಿಗೆ ತೆಗೆದುಕೊಂಡಳು.

"ಯಾರಿಗೆ ಒಯ್ಯೂದೈತಿಬೇ?" ಎಂದ ಭೀಮೇಶ, ಪೊಟ್ಟಣ ಕಟ್ಟಲು ಕಾಗದ ತೆಗೆಯುತ್ತ.

"ಯಾರಿಗೂ ಇಲ್ಲ. ಇಲ್ಲೇ ಉಣ್ಣಾಕಿ ಅದೇನಿ."

"ಅದ ಮಾಡ್ಲೇನು, ಟೊಮ್ಯಾಟೊದ್ದು?"

"ಅದು ಉಂಡಾತಲ್ಲ. ಆ ಮುದಕಪ್ಪ ನಿನಗ ಇನ್ನೂ ಏನೇನ್ ಕಲಿಸ್ಯಾನ? ಅದ್ರಾಗ ನಾ ಕಾಣದ್ದು ಒಂದ್ ಮಾಡು" ಎಂದು ಹೇಳಿ, ಒಂದು ಗಳಿಗೆ ಕೂತಳು. ಆಮೇಲೆ ಕೂತಿರಲಾಗದೆ, ಅದನ್ನು ಹೇಗೆ ಮಾಡುತ್ತಾನೋ ನೋಡೋಣವೆಂದು, ಎದ್ದು ಒಲೆಯ ಹತ್ತಿರ ಹೋದಳು.